‘ಅತಿವೇಗ ಮತ್ತು ಅಜಾಗರೂಕತೆ’ ಅಂದ್ರೆ ಎಷ್ಟು? ಅಪಘಾತದ ತಪ್ಪು ಯಾರದ್ದು ಅಂತ ಕಾನೂನು ನಿರ್ಧರಿಸೋದು ಹೇಗೆ

ಕರ್ನಾಟಕದ ಯಾವ ಪೊಲೀಸ್ ಠಾಣೆಗೆ ಬೇಕಾದ್ರೂ ಹೋಗಿ, ರಸ್ತೆ ಅಪಘಾತದ ಒಂದು ಎಫ್‌ಐಆರ್ ತೆಗೆದು ಓದಿ. ಊರು ಬದಲಾಗಿರುತ್ತೆ, ಗಾಡಿ ನಂಬರ್ ಬದಲಾಗಿರುತ್ತೆ, ಸತ್ತವರ ಹೆಸರು ಬದಲಾಗಿರುತ್ತೆ. ಒಂದು ಸಾಲು ಮಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತೆ: ಸದರಿ ಚಾಲಕನು ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ, ಮಾನವ ಜೀವಕ್ಕೆ ಅಪಾಯವಾಗುವ ರೀತಿಯಲ್ಲಿ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿರುತ್ತಾನೆ. ಹಳೆಯ ಐಪಿಸಿ ಸೆಕ್ಷನ್ 279ರ ಭಾಷೆ ಇದು. ಈಗ ಭಾರತೀಯ ನ್ಯಾಯ ಸಂಹಿತೆ ಬಂದು ಸೆಕ್ಷನ್ 281 ಆಗಿದೆ, ಸಾಲು ಹಾಗೇ ಉಳಿದಿದೆ. ರೈಟರ್‌ಗಳಿಗೆ ಇದು ಬಾಯಿಪಾಠ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಪತ್ರಿಕೋದ್ಯಮಕ್ಕೆ ಬಂದ ಮೇಲೂ ಆ ಚಟ ಹೋಗಿಲ್ಲ. ‘ಅತಿವೇಗ’ ಅಂತ ಓದಿದ ತಕ್ಷಣ ತಲೆಯಲ್ಲಿ ಬರೋ ಪ್ರಶ್ನೆ: ಅಂದ್ರೆ ಗಂಟೆಗೆ ಎಷ್ಟು ಕಿಲೋಮೀಟರ್? ಎಫ್‌ಐಆರ್‌ನಲ್ಲಿ ಆ ಸಂಖ್ಯೆ ಇರೋದು ಅಪರೂಪ. ಚಾರ್ಜ್‌ಶೀಟ್‌ನಲ್ಲೂ ಬಹಳ ಸಲ ಇರಲ್ಲ. ಕೊನೆಗೆ ಕೇಸು ಬೀಳೋದೂ ಇಲ್ಲೇ.

ಇದು ನನ್ನೊಬ್ಬನ ಕೊಂಕಲ್ಲ. ಕರ್ನಾಟಕದ್ದೇ ಒಂದು ಲಾರಿ ಪ್ರಕರಣ 1998ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ತೀರ್ಮಾನವಾಯ್ತು. ಲಾರಿ ಮಗುಚಿ ಹಲವರು ಸತ್ತಿದ್ದರು. ಸಾಕ್ಷಿಗಳೆಲ್ಲ ‘ಲಾರಿ ತುಂಬಾ ಸ್ಪೀಡಾಗಿ ಬರ್ತಿತ್ತು’ ಅಂದಿದ್ದರು. ಕೋರ್ಟ್ ಹೇಳಿದ್ದು ಇಷ್ಟು: ಹೆಚ್ಚು ವೇಗ ಅನ್ನೋದೇ ತನ್ನಷ್ಟಕ್ಕೆ ದುಡುಕೂ ಅಲ್ಲ, ನಿರ್ಲಕ್ಷ್ಯವೂ ಅಲ್ಲ, ಹೆಚ್ಚು ವೇಗ ಅಂದ್ರೆ ಅಂದಾಜು ಎಷ್ಟು ಅಂತ ಒಬ್ಬ ಸಾಕ್ಷಿಯೂ ಹೇಳಿಲ್ಲ, ಪ್ರಾಸಿಕ್ಯೂಷನ್ ಅದನ್ನ ಸಾಬೀತು ಮಾಡಬೇಕಿತ್ತು. ಚಾಲಕನ ಖುಲಾಸೆ ಹಾಗೇ ಉಳೀತು. ಅಪಘಾತದ ಕೇಸುಗಳಲ್ಲಿ ಡಿಫೆನ್ಸ್ ವಕೀಲರು ಇವತ್ತಿಗೂ ಎತ್ತಿ ತೋರಿಸೋ ತೀರ್ಪು ಇದು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ ಅದರಲ್ಲಿ ಶೇ 71ರಷ್ಟು ಸಾವಿಗೆ ಕಾರಣ ಅತಿವೇಗ. ಇಷ್ಟು ಖಚಿತವಾಗಿ ಅಂಕಿ ಕೊಡುವ ವ್ಯವಸ್ಥೆಗೆ, ಒಂದು ನಿರ್ದಿಷ್ಟ ಕಾರು ಒಂದು ನಿರ್ದಿಷ್ಟ ರಾತ್ರಿ ಎಷ್ಟು ವೇಗದಲ್ಲಿತ್ತು ಅಂತ ಕೋರ್ಟಿನಲ್ಲಿ ಹೇಳೋಕೆ ಬರಲ್ಲ ಅನ್ನೋದು ನನಗೆ ಅರಗದ ವಿಷಯ.

ಒಂದೇ ಡಿಕ್ಕಿ, ಎರಡು ಕೇಸು

ಮೊದಲು ಒಂದು ಗೊಂದಲ ಬಿಡಿಸೋಣ. ಯಾರದೋ ಅಜಾಗರೂಕತೆಯಿಂದ ಒಬ್ಬರು ಸತ್ತರೆ ಅಥವಾ ಗಾಯಗೊಂಡರೆ ಎರಡು ಬೇರೆ ಬೇರೆ ಕಾನೂನು ದಾರಿ ತೆರೆದುಕೊಳ್ಳುತ್ತೆ. ಒಂದು ಕ್ರಿಮಿನಲ್ ಕೇಸು: ಸರ್ಕಾರ ವರ್ಸಸ್ ಚಾಲಕ, ಶಿಕ್ಷೆ ಕೊಡೋದಕ್ಕೆ. ಇನ್ನೊಂದು ಪರಿಹಾರದ ಕೇಸು: ಸಂತ್ರಸ್ತರು ವರ್ಸಸ್ ಚಾಲಕ, ಗಾಡಿ ಮಾಲೀಕ ಮತ್ತು ಇನ್ಶೂರೆನ್ಸ್ ಕಂಪನಿ. ಇದು ನಡೆಯೋದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ವಕೀಲರ ಬಾಯಲ್ಲಿ ಇದು ‘ಎಂವಿಸಿ ಕೇಸು’.

ಎರಡೂ ಕಡೆ ‘ತಪ್ಪು’ ಅನ್ನೋ ಪದವೇ ಓಡಾಡುತ್ತೆ, ಆದ್ರೆ ಅಳತೆ ಬೇರೆ. ಕ್ರಿಮಿನಲ್ ಕೋರ್ಟಿನಲ್ಲಿ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ನ್ಯಾಯಮಂಡಳಿಯಲ್ಲಿ ‘ಹೀಗೆ ನಡೆದಿರೋ ಸಾಧ್ಯತೆಯೇ ಹೆಚ್ಚು’ ಅಂತ ಅನ್ನಿಸಿದರೆ ಸಾಕು. ಹಾಗಾಗಿ ಕ್ರಿಮಿನಲ್ ಕೇಸಲ್ಲಿ ಚಾಲಕ ಖುಲಾಸೆ ಆದ ಅಂತ ಪರಿಹಾರ ನಿಂತುಹೋಗಲ್ಲ. ಸುಪ್ರೀಂ ಕೋರ್ಟ್ ಇದನ್ನ 1980ರಲ್ಲೇ ಸ್ಪಷ್ಟವಾಗಿ ಹೇಳಿದೆ. ‘ಕೇಸ್ ಬಿದ್ದೋಯ್ತು, ಇನ್ನೇನು ಸಿಗಲ್ಲ ಬಿಡಿ’ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಹಾಗೆ ಹೇಳೋರಲ್ಲಿ ಕೆಲವರಿಗೆ ಅದರಿಂದ ಲಾಭವೂ ಇರುತ್ತೆ.

ಶಿಕ್ಷೆಯ ಮೆಟ್ಟಿಲುಗಳು

ಯಾರಿಗೂ ಏನೂ ಆಗದಿದ್ದರೂ ದುಡುಕಿ ಓಡಿಸೋದೇ ಅಪರಾಧ. ಸೆಕ್ಷನ್ 281, 6 ತಿಂಗಳವರೆಗೆ ಜೈಲು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್ ಹಾಕ್ತೀವಿ ಅಂತ ಸಂಚಾರ ಪೊಲೀಸರು ಘೋಷಿಸಿದ್ದು ಇದೇ ಸೆಕ್ಷನ್ನಿನಡಿ. ಗಾಯವಾದರೆ ಸೆಕ್ಷನ್ 125: ಸಣ್ಣ ಗಾಯಕ್ಕೆ 6 ತಿಂಗಳವರೆಗೆ, ತೀವ್ರ ಗಾಯಕ್ಕೆ 3 ವರ್ಷದವರೆಗೆ.

ಸಾವಾದರೆ ಸೆಕ್ಷನ್ 106(1). ಹಳೇ 304ಎ ಅಂದ್ರೆ ಹೆಚ್ಚಿನವರಿಗೆ ಗೊತ್ತು. ಅದರಲ್ಲಿ ಗರಿಷ್ಠ ಶಿಕ್ಷೆ 2 ವರ್ಷ ಇತ್ತು, 2024ರ ಜುಲೈ 1ರಿಂದ 5 ವರ್ಷ ಆಗಿದೆ. ಆದ್ರೆ ಈಗಲೂ ಇದು ಜಾಮೀನು ಸಿಗುವ ಅಪರಾಧ. ಸತ್ತವರ ಮನೆಯಲ್ಲಿ ಶವ ಇನ್ನೂ ಶವಾಗಾರದಿಂದ ಬಂದಿರಲ್ಲ, ಚಾಲಕ ಸ್ಟೇಷನ್ ಬೇಲ್ ಮೇಲೆ ಮನೆಗೆ ಹೋಗಿರ್ತಾನೆ. ಜನ ರೊಚ್ಚಿಗೇಳೋದು ಇಲ್ಲಿ. ಪೊಲೀಸರು ದುಡ್ಡು ತಿಂದು ಬಿಟ್ಟರು ಅಂತ ಎಲ್ಲ ಸಲವೂ ಅಲ್ಲ, ಕಾನೂನು ಇರೋದೇ ಹಾಗೆ.

ಅದರ ಮೇಲಿನ ಮೆಟ್ಟಿಲು ಸೆಕ್ಷನ್ 105, ಕೊಲೆಯಲ್ಲದ ನರಹತ್ಯೆ. ಸಾಯಿಸೋ ಉದ್ದೇಶ ಇಲ್ಲದಿದ್ದರೂ ‘ಹೀಗೆ ಮಾಡಿದರೆ ಯಾರಾದರೂ ಸಾಯಬಹುದು’ ಅನ್ನೋ ಅರಿವು ಇತ್ತು ಅಂತ ಸಾಬೀತಾದರೆ 10 ವರ್ಷದವರೆಗೆ ಜೈಲು. ಜಾಮೀನು ಸುಲಭ ಅಲ್ಲ. ಹಾಗಾದ್ರೆ ಅಜಾಗರೂಕತೆ ಎಲ್ಲಿ ಮುಗಿಯುತ್ತೆ, ಅರಿವು ಎಲ್ಲಿ ಶುರುವಾಗುತ್ತೆ? ಇಡೀ ಜಗಳ ಇರೋದು ಆ ಗೆರೆಯಲ್ಲಿ.

2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈನ ಬಾಂದ್ರಾದ ಕಾರ್ಟರ್ ರೋಡ್‌ನಲ್ಲಿ ಒಂದು ಕಾರು ಫುಟ್‌ಪಾತ್ ಹತ್ತಿತು. ಮಲಗಿದ್ದ ಕೂಲಿ ಕಾರ್ಮಿಕರಲ್ಲಿ 7 ಜನ ಸತ್ತರು. ಚಾಲಕ ಕುಡಿದಿದ್ದ. ವಿಚಾರಣಾ ಕೋರ್ಟ್ ಕೊಟ್ಟಿದ್ದು 6 ತಿಂಗಳು. ಹೈಕೋರ್ಟ್ ಅದನ್ನ ನರಹತ್ಯೆ ಅಂತ ನೋಡಿ 3 ವರ್ಷ ಮಾಡ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿದು, ಈ ಶಿಕ್ಷೆ ತೀರಾ ಕಮ್ಮಿ, ಆದ್ರೆ ಸರ್ಕಾರ ಮೇಲ್ಮನವಿಯನ್ನೇ ಹಾಕಿಲ್ಲವಾದ್ದರಿಂದ ಹೆಚ್ಚಿಸೋಕೆ ಆಗಲ್ಲ ಅಂತು. ಮತ್ತೊಮ್ಮೆ ಓದಿ: ಸರ್ಕಾರ ಮೇಲ್ಮನವಿ ಹಾಕಿರಲಿಲ್ಲ.

ಅದೇ ವರ್ಷ ದೆಹಲಿಯ ಬಿಎಂಡಬ್ಲ್ಯು ಪ್ರಕರಣದ ತೀರ್ಪೂ ಬಂತು. 1999ರ ಜನವರಿಯಲ್ಲಿ ಲೋಧಿ ಕಾಲೊನಿಯಲ್ಲಿ ಮೂವರು ಪೊಲೀಸರು ಸೇರಿ 6 ಜನ ಸತ್ತಿದ್ದರು. ಅಲ್ಲೂ ಸುಪ್ರೀಂ ಕೋರ್ಟ್ ನರಹತ್ಯೆ ಅಂತಲೇ ಹೇಳಿತು. ಶಿಕ್ಷೆ ಮಾತ್ರ ಅದಾಗಲೇ ಜೈಲಲ್ಲಿ ಕಳೆದಷ್ಟು ದಿನಕ್ಕೇ ಸಾಕು ಅಂತ ನಿಲ್ಲಿಸಿ, 50 ಲಕ್ಷ ರೂಪಾಯಿ ಮತ್ತು 2 ವರ್ಷ ಸಮುದಾಯ ಸೇವೆ ವಿಧಿಸಿತು. ಸೆಕ್ಷನ್ ದೊಡ್ಡದಾದರೆ ಶಿಕ್ಷೆಯೂ ದೊಡ್ಡದಾಗುತ್ತೆ ಅಂತ ಟಿವಿ ಚರ್ಚೆಗಳಲ್ಲಿ ಕೂಗಾಡೋರು ಈ ಎರಡು ತೀರ್ಪನ್ನ ಓದಬೇಕು.

ಎಲ್ಲ ಸಾವೂ ಅಪರಾಧ ಅಲ್ಲ ಅನ್ನೋದೂ ನೆನಪಿರಲಿ. 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕರ್ನಾಟಕದ ಇನ್ನೊಂದು ಪ್ರಕರಣದಲ್ಲಿ, ಬಸ್ಸಿಗೆ ಅಡ್ಡವಾಗಿ ಸಣ್ಣ ಮಗು ಓಡಿಬಂದಿತ್ತು. ಚಾಲಕ ಉಳಿಸೋಕೆ ಅಂತ ಬಸ್ಸನ್ನ ಪೂರ್ತಿ ಪಕ್ಕಕ್ಕೆ ಎಳೆದ. ಆದರೂ ಮಗು ಉಳಿಯಲಿಲ್ಲ. ಬಸ್ ರಾಂಗ್ ಸೈಡಲ್ಲಿ ಇತ್ತು ಅನ್ನೋ ಒಂದೇ ಕಾರಣಕ್ಕೆ ತಪ್ಪಿತಸ್ಥ ಅಂತ ಊಹಿಸಿಕೊಳ್ಳೋಕೆ ಬರಲ್ಲ, ಕ್ರಿಮಿನಲ್ ಕೇಸಲ್ಲಿ ಸಾಬೀತುಪಡಿಸೋ ಭಾರ ಕೊನೆವರೆಗೂ ಪ್ರಾಸಿಕ್ಯೂಷನ್ನಿನದ್ದೇ ಅಂತ ಕೋರ್ಟ್ ಹೇಳಿ ಅವನನ್ನ ಬಿಟ್ಟಿತು. ಈ ತತ್ವವನ್ನ ನಾನು ಒಪ್ಪುತ್ತೇನೆ. ಸಿಟ್ಟಿನಲ್ಲಿ ಜನ ಥಳಿಸೋದು ಹೆಚ್ಚಾಗಿ ಇಂಥ ಬಸ್, ಲಾರಿ ಡ್ರೈವರ್‌ಗಳನ್ನೇ, ಕಪ್ಪು ಗಾಜಿನ ಎಸ್‌ಯುವಿಯಲ್ಲಿ ಬಂದವರನ್ನಲ್ಲ.

ಹಿಟ್ ಅಂಡ್ ರನ್ ವಿಷಯಕ್ಕೆ ಬಂದರೆ, ಹೊಸ ಸಂಹಿತೆಯಲ್ಲಿ 106(2) ಅಂತ ಒಂದು ಉಪಸೆಕ್ಷನ್ ಇದೆ. ಗುದ್ದಿ ಸಾಯಿಸಿ, ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು. 2024ರ ಜನವರಿಯಲ್ಲಿ ದೇಶಾದ್ಯಂತ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು, ಪೆಟ್ರೋಲ್ ಬಂಕ್‌ಗಳ ಮುಂದೆ ಕ್ಯೂ ನಿಂತಿದ್ದು ಆಗಲೇ. ಕೇಂದ್ರ ಸರ್ಕಾರ ಇಡೀ ಸಂಹಿತೆಯನ್ನ ಜಾರಿಗೆ ತಂದಾಗ ಈ ಒಂದು ಉಪಸೆಕ್ಷನ್ನನ್ನ ಮಾತ್ರ ಹೊರಗಿಟ್ಟು ಅಧಿಸೂಚನೆ ಹೊರಡಿಸಿತು. ಪುಸ್ತಕದಲ್ಲಿದೆ, ರಸ್ತೆಯಲ್ಲಿಲ್ಲ. ನಿಂತರೆ ಜನ ಹೊಡೆದು ಸಾಯಿಸ್ತಾರೆ ಅನ್ನೋ ಚಾಲಕರ ಭಯ ಸುಳ್ಳಲ್ಲ. ಆದರೆ ಗಾಯಾಳುವನ್ನ ಆಸ್ಪತ್ರೆಗೆ ಸೇರಿಸೋ ಮತ್ತು ಪೊಲೀಸರಿಗೆ ತಿಳಿಸೋ ಕರ್ತವ್ಯ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರಲ್ಲಿ ಮೊದಲಿಂದಲೂ ಇದೆ. ಜನ ಮುತ್ತಿಕೊಂಡಿದ್ದರೆ ಅದಕ್ಕೆ ವಿನಾಯಿತಿಯೂ ಅಲ್ಲೇ ಇದೆ.

ಅಪ್ರಾಪ್ತರು ಓಡಿಸಿದರೆ? 2024ರ ಮೇ 19ರ ಪುಣೆ ಪೋರ್ಶೆ ಪ್ರಕರಣ ಎಲ್ಲರಿಗೂ ಗೊತ್ತು. ಇಬ್ಬರು ಯುವ ಐಟಿ ಉದ್ಯೋಗಿಗಳು ಸತ್ತರು, ಕಾರಿನಲ್ಲಿದ್ದವನು 17ರ ಹುಡುಗ, ಬಾಲನ್ಯಾಯ ಮಂಡಳಿಯ ಜಾಮೀನು ಷರತ್ತುಗಳಲ್ಲಿ ಒಂದು 300 ಪದಗಳ ಪ್ರಬಂಧ. ಪ್ರಬಂಧದ ಮೀಮ್‌ಗಳ ಗದ್ದಲದಲ್ಲಿ ಕಾಯ್ದೆಯ ಸೆಕ್ಷನ್ 199ಎ ಕಡೆ ಕಮ್ಮಿ ಜನ ನೋಡಿದರು. 2019ರ ತಿದ್ದುಪಡಿಯಲ್ಲಿ ಬಂದದ್ದು ಅದು: ಅಪ್ರಾಪ್ತ ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ ಅಂತ ಊಹಿಸಲಾಗುತ್ತೆ. 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ. ‘ನನಗೆ ಗೊತ್ತಿರಲಿಲ್ಲ’ ಅಂತ ಸಾಬೀತು ಮಾಡೋ ಭಾರ ಅಪ್ಪನ ಮೇಲೆ. ಆಕ್ಟಿವಾದಲ್ಲಿ ಮಗನನ್ನ ಟ್ಯೂಷನ್ನಿಗೆ ಕಳಿಸೋ ಮನೆಗಳಿಗೂ ಇದು ಅನ್ವಯ, ಪೋರ್ಶೆ ಬೇಕಿಲ್ಲ.

ಅಳೆಯೋಕೆ ಬರುತ್ತೆ, ಅಳೆಯಲ್ಲ

ಈಗ ವೇಗದ ವಿಷಯಕ್ಕೆ ವಾಪಸ್. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಹೈಸ್ಕೂಲ್ ಮಟ್ಟದ್ದೇ.

ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದವರನ್ನ ಕಣ್ಣು ನೋಡಿ, ಮೆದುಳು ಹೇಳಿ, ಕಾಲು ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಕಾರು 25 ಮೀಟರ್ ಹೋಗಿರುತ್ತೆ. ಒಣಗಿದ ಒಳ್ಳೇ ಟಾರು ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ ನಿಲ್ಲೋಕೆ ಇನ್ನೊಂದು 20 ಮೀಟರ್. ಒಟ್ಟು 45. ಅದೇ ಕಾರು 80ರಲ್ಲಿ ಬರ್ತಿದ್ದರೆ ಬ್ರೇಕ್ ಹಿಡಿಯೋಕೆ ಮುಂಚೆಯೇ 33 ಮೀಟರ್ ಹೋಗಿಬಿಟ್ಟಿರುತ್ತೆ. 60ರ ಕಾರು ಪೂರ್ತಿ ನಿಂತುಹೋಗಿರೋ ಆ 45ನೇ ಮೀಟರಿನಲ್ಲಿ 80ರ ಕಾರು ಇನ್ನೂ ಸುಮಾರು 65 ಕಿ.ಮೀ. ವೇಗದಲ್ಲಿ ಇರುತ್ತೆ. ಬರೀ 20 ಕಿ.ಮೀ. ಹೆಚ್ಚು ಅಲ್ವಾ ಅಂತೀವಿ. ಅಡ್ಡ ಬಂದವರಿಗೆ ಅದು ಬದುಕು ಮತ್ತು ಸಾವಿನ ವ್ಯತ್ಯಾಸ.

ಹೀಗೆ ಮುಂದಕ್ಕೆ ಲೆಕ್ಕ ಹಾಕಿದ ಹಾಗೇ ಹಿಂದಕ್ಕೂ ಹಾಕಬಹುದು. ರಸ್ತೆ ಮೇಲೆ 20 ಮೀಟರ್ ಉದ್ದದ ಟೈರ್ ಉಜ್ಜಿದ ಗುರುತು ಸಿಕ್ಕರೆ, ಆ ಗಾಡಿ ಕನಿಷ್ಠ 60ರ ಆಸುಪಾಸಿನಲ್ಲಿತ್ತು ಅಂತ ಹೇಳಬಹುದು. ಎಬಿಎಸ್ ಇರೋ ಹೊಸ ಕಾರುಗಳಲ್ಲಿ ಗುರುತು ಸರಿಯಾಗಿ ಮೂಡಲ್ಲ. ಆದ್ರೆ ಅಂಥ ಹಲವು ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸೋ ಪೆಟ್ಟಿಗೆಯೇ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದೋ ಇಲ್ವೋ ಅನ್ನೋದನ್ನ ಬರೆದಿಟ್ಟುಕೊಂಡಿರುತ್ತೆ. ಟ್ಯಾಕ್ಸಿ, ಬಸ್ಸುಗಳಲ್ಲಿ ಜಿಪಿಎಸ್ ಇರುತ್ತೆ. ಎರಡು ಅಂಗಡಿಗಳ ಸಿಸಿಟಿವಿ ಇದ್ದರೆ, ನಡುವಿನ ದೂರವನ್ನ ಸಮಯದಿಂದ ಭಾಗಿಸಿದರೆ ವೇಗ ಬಂತು. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ.

ನಮ್ಮ ಕಡತಗಳಲ್ಲಿ ಸಾಮಾನ್ಯವಾಗಿ ಇರೋದು ಏನು? ಸ್ಥಳ ಮಹಜರು, ಕೈಯಲ್ಲಿ ಬಿಡಿಸಿದ ಒಂದು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ. ಆ ವರದಿಯಲ್ಲಿ ಬಂಪರ್ ಜಖಂ, ಬ್ರೇಕ್ ಸರಿಯಿದೆ, ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಅಂತ ಬರೆದಿರುತ್ತೆ. ವೇಗದ ಬಗ್ಗೆ ಏನೂ ಇರಲ್ಲ. ಅಂಗಡಿಯವನ ಸಿಸಿಟಿವಿಯಲ್ಲಿ ಹಳೇ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗೇ ಅಳಿಸಿ ಹೋಗುತ್ತೆ. ಆಮೇಲೆ ವರ್ಷಗಟ್ಟಲೆ ಕಳೆದು ಸಾಕ್ಷಿಕಟ್ಟೆಯಲ್ಲಿ ನಿಂತ ಟೀ ಅಂಗಡಿಯವರನ್ನ ವಕೀಲರು ಕೇಳ್ತಾರೆ: ಸ್ಪೀಡ್ ಅಂದ್ರೆ ಎಷ್ಟು? ಅವರು ಏನು ಹೇಳಬೇಕು?

ಮದ್ಯದ ವಿಷಯದಲ್ಲೂ ಇದೇ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ. ಮೀರಿರಬೇಕು ಅಂತ ಕಾನೂನು ಕರಾರುವಾಕ್ಕಾಗಿ ಹೇಳುತ್ತೆ. ಆದ್ರೆ ದೇಹ ಗಂಟೆಗಂಟೆಗೂ ಆಲ್ಕೋಹಾಲನ್ನ ಕರಗಿಸ್ತಾ ಹೋಗುತ್ತೆ. ತಡವಾಗಿ ರಕ್ತ ತೆಗೆದಷ್ಟೂ ಸಾಕ್ಷ್ಯ ಆವಿಯಾಗುತ್ತೆ. ಪುಣೆಯಲ್ಲಿ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಂಧನ ಆಗಿದ್ದು ಯಾಕೆ ಅಂತ ಈಗ ಗೊತ್ತಾಗುತ್ತೆ. ಸೆಕ್ಷನ್ 106ಕ್ಕೂ 105ಕ್ಕೂ ನಡುವಿನ ಗೆರೆ ಬಹಳ ಸಲ ಆ ಒಂದು ಸಣ್ಣ ಸೀಸೆಯಲ್ಲಿರುತ್ತೆ.

ಜೀವಕ್ಕೆ ಲೆಕ್ಕ

ಇನ್ನು ಪರಿಹಾರ. ಇಲ್ಲಿ ಕಾನೂನು ಆಶ್ಚರ್ಯ ಆಗುವಷ್ಟು ಗಣಿತಮಯ. ಸರಳಾ ವರ್ಮಾ ಪ್ರಕರಣ (2009) ಮತ್ತು ಸಂವಿಧಾನ ಪೀಠದ ಪ್ರಣಯ್ ಸೇಠಿ ತೀರ್ಪು (2017) ಸೇರಿ ಒಂದು ಸೂತ್ರ ಕೊಟ್ಟಿವೆ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 28 ವರ್ಷದ ಡೆಲಿವರಿ ಹುಡುಗ, ತಿಂಗಳಿಗೆ 18,000 ದುಡಿಯೋನು. ಹೆಂಡತಿ, ಮಗು, ತಾಯಿ ಅವನನ್ನ ನಂಬಿದ್ದಾರೆ. ವರ್ಷಕ್ಕೆ 2,16,000. ಮುಂದೆ ಆದಾಯ ಹೆಚ್ಚಾಗ್ತಿತ್ತು ಅಂತ ಶೇ 40 ಸೇರಿಸಿ: 3,02,400. ಅವನ ಸ್ವಂತ ಖರ್ಚು ಅಂತ ಮೂರನೇ ಒಂದು ಭಾಗ ಕಳೆಯಿರಿ: 2,01,600. ಅವನ ವಯಸ್ಸಿಗೆ ಗುಣಕ 17. ಬಂದದ್ದು 34,27,200 ರೂ. ಇದರ ಮೇಲೆ ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಅಂತ ಕೆಲವು ಸಾವಿರ, ಜೊತೆಗೆ ಬಡ್ಡಿ.

ಅವನು ಮದುವೆಯಾಗಿರದಿದ್ದರೆ ಸಾಮಾನ್ಯವಾಗಿ ಅರ್ಧ ಕಳೀತಾರೆ, 25,70,400ಕ್ಕೆ ಇಳಿಯುತ್ತೆ.

ಸೂತ್ರ ಎಲ್ಲರಿಗೂ ಒಂದೇ. ಆದರೆ ಅದರೊಳಗೆ ಹಾಕೋ ಮೊದಲ ಸಂಖ್ಯೆ ಆದಾಯ, ಅಸಮಾನತೆ ಒಳಗೆ ನುಸುಳೋದು ಅಲ್ಲಿ. ಸಂಬಳದ ಚೀಟಿ ಇರೋರಿಗೆ ಚಿಂತೆ ಇಲ್ಲ. ಗಾರೆ ಕೆಲಸದವರಿಗೆ, ತರಕಾರಿ ಗಾಡಿಯವರಿಗೆ, ಡೆಲಿವರಿ ಆ್ಯಪ್‌ನಲ್ಲಿ ದುಡಿಯೋರಿಗೆ ಅಂದಾಜು ಆದಾಯವೇ ಗತಿ. ನಮ್ಮ ರಾಜ್ಯದಲ್ಲಿ ಲೋಕ್ ಅದಾಲತ್‌ಗಾಗಿ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿಕೊಂಡ ವರ್ಷವಾರು ಪಟ್ಟಿಯನ್ನ ಕೋರ್ಟುಗಳೂ ಬಳಸುತ್ತವೆ. ನಿಜವಾದ ದುಡಿಮೆ ಅದಕ್ಕಿಂತ ಹೆಚ್ಚಿದ್ದರೆ ದಾಖಲೆ ತೋರಿಸೋದು ಮನೆಯವರ ಹೊಣೆ. ಆ್ಯಪ್‌ನ ವಾರದ ಪಾವತಿಯ ಸ್ಕ್ರೀನ್‌ಶಾಟ್, ಯುಪಿಐ ಸ್ಟೇಟ್‌ಮೆಂಟ್ ಇವೆಲ್ಲ ಅಲ್ಲಿ ಲಕ್ಷಾಂತರ ರೂಪಾಯಿಯ ಕಾಗದ. ಮನೆಗೆಲಸ ಮಾಡೋ ಗೃಹಿಣಿಗೆ ‘ಆದಾಯ ಇಲ್ಲ’ ಅನ್ನೋ ವಾದವನ್ನಂತೂ ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ತಳ್ಳಿಹಾಕಿದೆ. ಆಕೆಯ ದುಡಿಮೆಗೂ ಬೆಲೆ ಕಟ್ಟಲೇಬೇಕು.

ಎರಡನೇ ಕತ್ತರಿ ‘ಸಹ ನಿರ್ಲಕ್ಷ್ಯ’. ಸತ್ತವನದ್ದೂ ಶೇ 25 ತಪ್ಪಿದೆ ಅಂತ ನ್ಯಾಯಮಂಡಳಿ ಹೇಳಿದರೆ ಮೇಲಿನ 34 ಲಕ್ಷದಲ್ಲಿ 8,56,800 ರೂ. ಹೋಯ್ತು. ಇನ್ಶೂರೆನ್ಸ್ ಕಂಪನಿಯ ವಕೀಲರು ಇದನ್ನ ಎತ್ತದ ಕೇಸೇ ಇಲ್ಲ ಅನ್ನಬಹುದು: ಲೈಸೆನ್ಸ್ ಇರಲಿಲ್ಲ, ಟ್ರಿಪಲ್ ರೈಡಿಂಗ್, ಹೀಗೆ. ಆದ್ರೆ ನಿಯಮ ಮುರಿದದ್ದೇ ಬೇರೆ, ಆ ಮುರಿದದ್ದರಿಂದಲೇ ಅಪಘಾತ ಆಯ್ತಾ ಅನ್ನೋದೇ ಬೇರೆ. ಬೈಕಿನಲ್ಲಿ ಮೂವರಿದ್ದರು ಅನ್ನೋದಷ್ಟೇ ಸಹ ನಿರ್ಲಕ್ಷ್ಯ ಆಗಲ್ಲ, ಅದಕ್ಕೂ ಡಿಕ್ಕಿಗೂ ಸಂಬಂಧ ತೋರಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದಿನಿಂದ ಕಾರು ಬಂದು ಗುದ್ದಿದ್ದರೆ ಬೈಕಿನಲ್ಲಿ ಒಬ್ಬರಿದ್ದರೇನು, ಮೂವರಿದ್ದರೇನು?

ದುಡ್ಡು ಯಾರ ಜೇಬಿಂದ?

ಚಾಲಕ ಮಾಡಿದ ತಪ್ಪಿಗೆ ಮಾಲೀಕ ಹೊಣೆ, ಮಾಲೀಕನ ಪರವಾಗಿ ಕಡ್ಡಾಯ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಂಪನಿ ಕೊಡುತ್ತೆ. ಚಾಲಕನ ಲೈಸೆನ್ಸ್‌ನಲ್ಲಿ ತಕರಾರಿದ್ದರೆ ಸಾಮಾನ್ಯವಾಗಿ ಕೋರ್ಟುಗಳು, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶಿಸುತ್ತವೆ. ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆ ಕಡ್ಡಾಯ ಇನ್ಶೂರೆನ್ಸ್‌ನಿಂದ ವಿನಾಯಿತಿ ಪಡೆಯೋ ಅವಕಾಶ ಇದೆ, ಆಗ ತಮ್ಮ ನಿಧಿಯಿಂದಲೇ ಕೊಡಬೇಕು. ಕೊಡದಿದ್ದಾಗ ಕೋರ್ಟ್ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡೋ ಸುದ್ದಿಯನ್ನ ಜಿಲ್ಲಾ ಪುಟಗಳಲ್ಲಿ ನೀವು ಓದಿರ್ತೀರಿ. ಪ್ರಯಾಣಿಕರು ಲಗೇಜ್ ಹಿಡಿದು ಇಳಿಯೋ ಫೋಟೊ ಸಮೇತ.

ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು ಗಮನಿಸಬೇಕಾದ ಗುಂಡಿಗಳು ಇಲ್ಲಿವೆ. ಹಳೇ ಬೈಕನ್ನ ಆನ್‌ಲೈನ್‌ನಲ್ಲಿ ಮಾರಿ, ದುಡ್ಡು ಬಂತು ಅಂತ ಆರ್‌ಸಿ ವರ್ಗಾವಣೆ ಮರೆತಿದ್ದೀರಾ? ದಾಖಲೆಯಲ್ಲಿ ಹೆಸರಿರೋವರೆಗೂ ಮಾಲೀಕರು ನೀವೇ, ಅದು ಐದು ಕೈ ದಾಟಿ ಯಾರಿಗೋ ಗುದ್ದಿದರೂ ನೋಟಿಸ್ ನಿಮ್ಮ ಮನೆಗೇ. 2018ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನ ಅನುಮಾನಕ್ಕೆ ಜಾಗವಿಲ್ಲದಂತೆ ಹೇಳಿದೆ.

ಬೈಕಿಗೆ ಅಗ್ಗದ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದೆಯಾ? ಹಾಗಾದ್ರೆ ನಿಮ್ಮ ಹಿಂದೆ ಕೂತ ಗೆಳತಿ, ತಮ್ಮ, ಅಮ್ಮ ಯಾರೂ ಅದರಲ್ಲಿ ‘ಥರ್ಡ್ ಪಾರ್ಟಿ’ ಅಲ್ಲ. ನಿಮ್ಮ ತಪ್ಪಿನಿಂದ ಅವರಿಗೆ ಏನಾದರೂ ಆದರೆ ಕಂಪನಿ ಹೊಣೆಯಲ್ಲ ಅಂತ 2006ರಲ್ಲೇ ತೀರ್ಪಾಗಿದೆ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಹಿಂಬದಿ ಸವಾರರಿಗೂ, ಕಾರಿನೊಳಗೆ ಕೂತವರಿಗೂ ರಕ್ಷಣೆ ಇದೆ. ಕೆಲವು ಸಾವಿರ ಉಳಿಸೋಕೆ ಹೋಗಿ ಆಗೋ ನಷ್ಟ ಇದು.

ಇನ್ನು ತಪ್ಪು ಓಡಿಸಿದವನದ್ದೇ ಆಗಿ, ಸತ್ತವನೂ ಅವನೇ ಆಗಿದ್ದರೆ? 2014ರ ಜೂನ್‌ನಲ್ಲಿ ಅರಸೀಕೆರೆ ಕಡೆ ಹೋಗ್ತಿದ್ದ ಒಂದು ಕಾರು ಅತಿವೇಗದಲ್ಲಿ ನಿಯಂತ್ರಣ ತಪ್ಪಿ ಮಗುಚಿತು, ಓಡಿಸ್ತಿದ್ದವರು ಸತ್ತರು. ಮನೆಯವರು 80 ಲಕ್ಷ ರೂ. ಪರಿಹಾರ ಕೇಳಿದರು. ಸ್ವಂತ ನಿರ್ಲಕ್ಷ್ಯದಿಂದ ಸತ್ತರೆ ವಾರಸುದಾರರು ಪರಿಹಾರ ಕೇಳೋಕೆ ಬರಲ್ಲ ಅಂತ ನಮ್ಮ ಹೈಕೋರ್ಟ್ ಹೇಳಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಆಗ ‘ಸ್ಟಂಟ್ ಮಾಡಿದರೆ ಇನ್ಶೂರೆನ್ಸ್ ಇಲ್ಲ’ ಅಂತ ಎಲ್ಲ ಕಡೆ ಸುದ್ದಿ ಓಡಿತು. ಅದು ಹೊಸ ನಿಯಮವೇನೂ ಆಗಿರಲಿಲ್ಲ. ಥರ್ಡ್ ಪಾರ್ಟಿ ಅನ್ನೋ ಪದದಲ್ಲೇ ಇದೆ, ನೀವು ಮೂರನೆಯವರಾಗಿರಬೇಕು. ಗೆಳೆಯನ ಬೈಕ್ ಸಾಲ ತಗೊಂಡು ಹೋದವನೂ ಕಾನೂನಿನ ಕಣ್ಣಲ್ಲಿ ಮಾಲೀಕನ ಜಾಗದಲ್ಲಿ ನಿಂತಂತೆ ಅಂತ 2009ರಷ್ಟು ಹಿಂದೆಯೇ, ಅದೂ ಕರ್ನಾಟಕದ್ದೇ ಪ್ರಕರಣದಲ್ಲಿ, ತೀರ್ಪು ಬಂದಿದೆ. ಓಡಿಸೋರಿಗೆ ಇರೋ ರಕ್ಷಣೆ ಅಂದ್ರೆ ಪಾಲಿಸಿ ಜೊತೆಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದು ಸಿಗೋದು ಮಾಲೀಕರೇ ಓಡಿಸ್ತಿದ್ದಾಗ, ಲೈಸೆನ್ಸ್ ಇದ್ದಾಗ.

ಮೊದಲ 48 ಗಂಟೆ, ಆಮೇಲಿನ 6 ತಿಂಗಳು

2022ರ ಏಪ್ರಿಲ್ 1ರಿಂದ ನಿಯಮ ಬದಲಾಗಿದೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನ ನ್ಯಾಯಮಂಡಳಿಗೆ ಮತ್ತು ಇನ್ಶೂರೆನ್ಸ್ ಕಂಪನಿಗೆ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ. ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ಪರಿಗಣಿಸಬಹುದು. ಇದನ್ನ ಗಂಭೀರವಾಗಿ ಪಾಲಿಸಿ ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಠಾಣೆಗೆ ಹೋದಾಗ ಎಫ್‌ಐಆರ್ ಪ್ರತಿ ಕೇಳೋ ಹಾಗೇ ಈ ವರದಿಯ ಪ್ರತಿಯನ್ನೂ ಹೆಸರಿಟ್ಟು ಕೇಳಿ. ಸಿಸಿಟಿವಿ ಇರೋ ಅಂಗಡಿಗಳ ಪಟ್ಟಿ ಮಾಡಿ, ದೃಶ್ಯ ವಶಪಡಿಸಿಕೊಳ್ಳಿ ಅಂತ ಲಿಖಿತ ಮನವಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಟೈರ್ ಗುರುತು ಮಳೆಗೆ ಹೋಗುತ್ತೆ, ಫೋಟೊ ತೆಗೆಯೋವಾಗ ಅಳತೆ ಗೊತ್ತಾಗೋ ಹಾಗೆ ಪಕ್ಕದಲ್ಲಿ ಏನಾದರೂ ಇಡಿ.

ಅದೇ ತಿದ್ದುಪಡಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದೂ ಇದೆ. ಪರಿಹಾರದ ಅರ್ಜಿಗೆ 6 ತಿಂಗಳ ಗಡುವು ಬಂತು. 1994ರಿಂದ ಇಂಥ ಗಡುವೇ ಇರಲಿಲ್ಲ. ಕೋಮಾದಲ್ಲಿರೋ ಮಗನನ್ನ ನೋಡಿಕೊಳ್ತಾ ಆಸ್ಪತ್ರೆ ಕಾರಿಡಾರ್‌ನಲ್ಲಿ ಮಲಗೋ ತಾಯಿಗೆ 6 ತಿಂಗಳು ಯಾವ ಲೆಕ್ಕ? ಈ ಗಡುವನ್ನ ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ತಡವಾಯ್ತು ಅನ್ನೋ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನ ನಂಬಿ ಕೂರೋದಕ್ಕಿಂತ 6 ತಿಂಗಳೊಳಗೆ ಹಾಕೋದೇ ವಾಸಿ. ಅಪಘಾತ ನಡೆದ ಊರಲ್ಲೇ ಹಾಕಬೇಕಂತಿಲ್ಲ, ನೀವು ವಾಸ ಇರೋ ಕಡೆಯೂ ಹಾಕಬಹುದು. ಹೊಸೂರು ಹತ್ತಿರ ಗುದ್ದಿಸಿಕೊಂಡ ಕಲಬುರಗಿಯವರು ತಮಿಳುನಾಡಿಗೆ ಅಲೆಯೋ ಅಗತ್ಯ ಇಲ್ಲ.

ತಪ್ಪು ಯಾರದ್ದು ಅನ್ನೋ ಜಗಳವೇ ಬೇಡ ಅಂದ್ರೆ ಸೆಕ್ಷನ್ 164 ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ. ಗುದ್ದಿದ ಗಾಡಿ ಸಿಗಲೇ ಇಲ್ಲ ಅಂದ್ರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಮೊದಲ 7 ದಿನದ ಚಿಕಿತ್ಸೆಗೆ 1.5 ಲಕ್ಷದವರೆಗೆ ನಗದುರಹಿತ ಯೋಜನೆ 2025ರ ಮೇ ತಿಂಗಳಲ್ಲಿ ಅಧಿಸೂಚನೆ ಆಗಿದೆ.

ರಸ್ತೆಗೆ ಎಫ್‌ಐಆರ್ ಇಲ್ಲ

ಒಂದು ಸೆಕ್ಷನ್ ಬಗ್ಗೆ ಹೇಳದೆ ಮುಗಿಸೋಕಾಗಲ್ಲ, ಯಾಕಂದ್ರೆ ಅದು ನನ್ನ ಓದಿನವರ ಬಗ್ಗೆಯೇ ಇದೆ. 2019ರಲ್ಲಿ ಸೇರಿಸಿದ 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಪ್ರಾಧಿಕಾರ, ಗುತ್ತಿಗೆದಾರ, ಕನ್ಸಲ್ಟೆಂಟ್ ಹೊಣೆ. ತಿರುವಿನಲ್ಲಿ ಬೋರ್ಡ್ ಇಲ್ಲ, ಡಿವೈಡರ್ ಶುರುವಾಗೋ ಕಡೆ ಪ್ರತಿಫಲಕ ಇಲ್ಲ, ಊರಿನ ಮಧ್ಯೆ ಹೆದ್ದಾರಿ ಸೀಳಿ ದಾಟೋಕೆ ಜಾಗ ಇಲ್ಲ, ಇವೆಲ್ಲ ಇದರಡಿ ಬರಬೇಕಾದವು. ಶಿಕ್ಷೆ ಎಷ್ಟು ಗೊತ್ತಾ? 1 ಲಕ್ಷ ರೂಪಾಯಿವರೆಗೆ ದಂಡ. ಜೈಲಿಲ್ಲ. ಅದೇ ತಿರುವಿನಲ್ಲಿ ಗುದ್ದಿದ ಲಾರಿ ಚಾಲಕನಿಗೆ 5 ವರ್ಷದವರೆಗೆ ಜೈಲು.

ಎಫ್‌ಐಆರ್‌ನಲ್ಲಿ ಆರೋಪಿಯ ಜಾಗದಲ್ಲಿ ಗಾಡಿ ನಂಬರ್ ಮತ್ತು ‘ಅದರ ಚಾಲಕ’ ಅಂತ ಬರೆಯೋದು ಎಷ್ಟು ರೂಢಿಯಾಗಿದೆ ಅಂದ್ರೆ, ದೂರು ಕೊಡೋರಿಗೂ ಬೇರೆ ಹೆಸರು ಬರೆಸಬಹುದು ಅಂತ ಹೊಳೆಯಲ್ಲ. ಬರೆಸಬಹುದು. ಗುತ್ತಿಗೆದಾರರ ಹೆಸರು, ನಿರ್ವಹಣೆ ಅವಧಿ ಕಾಮಗಾರಿ ಮಾಹಿತಿ ಫಲಕದಲ್ಲೇ ಇರುತ್ತೆ. ಫಲಕ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು.